ಗೋ, ವೆಂಟ್, ಗಾನ್: ಮೂರನೇ ಕಾಲಮ್ಮಿನ ಒಳಗುಟ್ಟು

ಹೈಸ್ಕೂಲಿನ ಇಂಗ್ಲಿಷ್ ಗ್ರಾಮರ್ ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತಿತ್ತು, ನೆನಪಿದೆ ತಾನೆ? ಮೂರು ಕಾಲಮ್ಮು. ಗೋ-ವೆಂಟ್-ಗಾನ್, ಈಟ್-ಏಟ್-ಈಟನ್, ರೈಟ್-ರೋಟ್-ರಿಟನ್. ಮಗ್ಗಿಯ ಹಾಗೆ ರಾಗ ಎಳೆದು ಬಾಯಿಪಾಠ ಮಾಡಿದ್ದೇವೆ. ವಿ-1, ವಿ-2, ವಿ-3 ಅಂತ ಅವಕ್ಕೆ ಹೆಸರು. ಮೊದಲನೆಯದು ಈಗಿನದು, ಎರಡನೆಯದು ಆಗಿನದು. ಮೂರನೆಯದು ಯಾವಾಗಿನದು ಅಂತ ಮಾತ್ರ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. 'ಹ್ಯಾವ್ ಬಂದ್ರೆ ವಿ-3 ಹಾಕು' ಅನ್ನೋ ಒಂದೇ ಸೂತ್ರ ಹಿಡಿದು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ದಾಟಿ ಇಲ್ಲಿಗೆ ಬಂದೆವು.

ಇಲ್ಲಿ ಅದೇ ವಿ-3 ಬೇರೆ ಬೇರೆ ವೇಷ ಹಾಕಿಕೊಂಡು ಎದುರಾಗುತ್ತದೆ. ಲ್ಯಾಬ್ ರೆಕಾರ್ಡಿನಲ್ಲಿ, ವೈವಾದಲ್ಲಿ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ, ಪ್ಲೇಸ್‌ಮೆಂಟಿನ ಎಚ್‌ಆರ್ ರೌಂಡಿನಲ್ಲಿ. ವಿಷಯ ಪೂರ್ತಿ ಗೊತ್ತಿದ್ದರೂ ಒಂದು ವಾಕ್ಯ ಕಟ್ಟುವಾಗ ನಾಲಿಗೆ ತಡವರಿಸುತ್ತದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಆಮೇಲೆ ಒಂದು ಹಣೆಪಟ್ಟಿಯೂ ಸಿಗುತ್ತದೆ: 'ಹುಡುಗ ಒಳ್ಳೆಯವನೇ, ಇಂಗ್ಲಿಷ್ ಸ್ವಲ್ಪ ವೀಕು'. ಈ ಹಣೆಪಟ್ಟಿ ನಮಗೆ ಒಪ್ಪಿಗೆಯಿಲ್ಲ. ಯಾಕೆಂದರೆ ವಿ-3 ವಿಷಯದಲ್ಲಿ ನಮ್ಮವರು ಆಡುವ ಹೆಚ್ಚಿನ ತಪ್ಪುಗಳು ದಡ್ಡತನದಿಂದ ಬಂದವಲ್ಲ. ಕನ್ನಡದ ವ್ಯಾಕರಣವನ್ನು ತಪ್ಪಿಲ್ಲದೆ ಪಾಲಿಸಿ, ಅದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿದ್ದರಿಂದ ಬಂದವು. ಎಲ್ಲಿ ಎರಡು ದಾರಿ ಒಂದೇ, ಎಲ್ಲಿ ಕವಲೊಡೆಯುತ್ತದೆ ಅಂತ ಒಮ್ಮೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲು ಹೆಸರಿನ ಜಗಳ ಮುಗಿಸೋಣ. ವಿ-3ಯ ಪೂರ್ತಿ ಹೆಸರು ಪಾಸ್ಟ್ ಪಾರ್ಟಿಸಿಪಲ್. ಕನ್ನಡದಲ್ಲಿ ಭೂತ ಕೃದಂತ. ಎಂಟನೇ ಕ್ಲಾಸಿನ ಕನ್ನಡ ವ್ಯಾಕರಣದಲ್ಲಿ 'ಮಾಡಿದ, ಮಾಡುವ, ಮಾಡದ' ಅಂತ ಓದಿದ್ದೇವಲ್ಲ, ಆ 'ಮಾಡಿದ' ಇದರ ಹತ್ತಿರದ ನೆಂಟ. ಧಾತುವಿನಿಂದ ಹುಟ್ಟಿದ್ದು, ಆದರೆ ವಾಕ್ಯವನ್ನು ತಾನೇ ಮುಗಿಸಲಾರದು. 'ರಾಮ ಮಾಡಿದ ಅಡುಗೆ' ಅಂದರೆ ಇನ್ನೂ ಏನೋ ಬಾಕಿ ಇದೆ ಅಂತ ಕಾಯುತ್ತೇವೆ. ವಿ-3 ಕೂಡ ಹಾಗೇ, ಒಂಟಿಯಾಗಿ ವಾಕ್ಯದ ಭಾರ ಹೊರುವುದಿಲ್ಲ. 'ಐ ಗಾನ್' ಅಂದರೆ ವಾಕ್ಯವಲ್ಲ. 'ಐ ವೆಂಟ್' ವಾಕ್ಯ.

ಇನ್ನು 'ಪಾಸ್ಟ್' ಅನ್ನೋ ಪದ. ಇದೇ ದಾರಿ ತಪ್ಪಿಸುವುದು. 'ದ ವರ್ಕ್ ವಿಲ್ ಬಿ ಕಂಪ್ಲೀಟೆಡ್ ಟುಮಾರೋ' ಅನ್ನುವಾಗ ಕೆಲಸ ನಾಳೆಯದು, ಆದರೂ 'ಕಂಪ್ಲೀಟೆಡ್' ಅಲ್ಲಿದೆ. ಅಂದರೆ ವಿ-3ಗೆ ತನ್ನದೇ ಕಾಲವಿಲ್ಲ. ಅದು ಹೇಳುವುದು ಒಂದೇ: ಕ್ರಿಯೆ ಮುಗಿದ ಸ್ಥಿತಿ. ಯಾವಾಗ ಮುಗಿಯಿತು, ಮುಗಿಯುತ್ತದೆ ಅಂತ ಹೇಳುವ ಕೆಲಸ ಪಕ್ಕದಲ್ಲಿ ನಿಂತ ಹ್ಯಾವ್, ವಾಸ್, ವಿಲ್ ಬಿ ಇವುಗಳದ್ದು. ಗಣಿತದ ಪುಸ್ತಕದಲ್ಲಿ ಪ್ರತಿ ಪ್ರಮೇಯದ ಕೊನೆಗೆ 'ಹೆನ್ಸ್ ಪ್ರೂವ್ಡ್' ಅಂತ ಬರೆದು ಗೆರೆ ಎಳೆಯುತ್ತಿದ್ದೆವಲ್ಲ, ಆ 'ಪ್ರೂವ್ಡ್' ಇದೇ. ಇವತ್ತು ಫೋನ್ ತೆಗೆದರೆ 'ಡೆಲಿವರ್ಡ್', 'ಸೀನ್', 'ಎಡಿಟೆಡ್', 'ಫಾರ್ವರ್ಡೆಡ್' ಎಲ್ಲ ಇದರ ಸಂತತಿಯೇ. ಮುಂದಿನ 'ಹ್ಯಾಸ್ ಬೀನ್' ಉದುರಿಹೋಗಿ ವಿ-3 ಮಾತ್ರ ಉಳಿದಿದೆ. 'ಸೀನ್ ಆಗಿದೆ, ರಿಪ್ಲೈ ಇಲ್ಲ' ಅಂತ ಹಾಸ್ಟೆಲಿನಲ್ಲಿ ಕೊರಗುವವರಿಗೆ ಈ ಸ್ಥಿತಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ನಿನ್ನೆ ಕಳ್ಸಿದ್ದೀನಿ ಸಾರ್

ಈಗ ನಿಜವಾದ ಗಂಟಿಗೆ ಬರೋಣ. 'ಸಾರ್, ನಿನ್ನೆ ಮೇಲ್ ಕಳ್ಸಿದ್ದೀನಿ.' ಕನ್ನಡದಲ್ಲಿ ಈ ವಾಕ್ಯದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಇದನ್ನೇ ಇಂಗ್ಲಿಷಿಗೆ ಇಳಿಸಿದರೆ 'ಸರ್, ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್ಡೇ' ಆಗುತ್ತದೆ. ಇದು ತಪ್ಪು. ವಿ-3 ಸರಿಯಾಗಿಯೇ ಇದೆ, ಹ್ಯಾವ್ ಕೂಡ ಇದೆ, ಬಾಯಿಪಾಠದ ಸೂತ್ರದ ಪ್ರಕಾರ ಎಲ್ಲ ಸರಿ. ಹಾಗಾದರೆ ಎಡವಿದ್ದು ಎಲ್ಲಿ?

ಕನ್ನಡದ 'ಕಳಿಸಿದ್ದೇನೆ' ಬಿಡಿಸಿ ನೋಡಿ: ಕಳಿಸಿ + ಇದ್ದೇನೆ. ಕಳಿಸಿ, ಕಳಿಸಿದವನಾಗಿ, ಈಗ ಇದ್ದೇನೆ. 'ಬಂದಿದ್ದಾರೆ' ಅಂದರೆ ಬಂದು + ಇದ್ದಾರೆ. ನಾವು 'ಇರು' ಇಟ್ಟ ಜಾಗದಲ್ಲಿ ಇಂಗ್ಲಿಷಿನವರು 'ಹ್ಯಾವ್' ಇಟ್ಟಿದ್ದಾರೆ, ಅಷ್ಟೇ. ಹಿಂದೆ ಬರುವುದು ಹೋಗುವುದರಂಥ ಕ್ರಿಯೆಗಳಿಗೆ ಅವರೂ 'ಇರು' ಬಳಸುತ್ತಿದ್ದರು. 'ಹಿ ಈಸ್ ಗಾನ್' ಅನ್ನೋದು ಆ ಕಾಲದ ಪಳೆಯುಳಿಕೆ. ಹಾಗಾಗಿ ರಚನೆಯಲ್ಲಿ ಎರಡೂ ಭಾಷೆ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ವ್ಯತ್ಯಾಸ ಇರುವುದು ಅದರ ಜೊತೆ ಯಾರನ್ನು ಕೂರಿಸಬಹುದು ಅನ್ನುವುದರಲ್ಲಿ. ಇಂಗ್ಲಿಷಿನ 'ಹ್ಯಾವ್ ಸೆಂಟ್' ಈಗಿನ ಸ್ಥಿತಿಯ ಬಗ್ಗೆ ಮಾತಾಡುತ್ತದೆ: ಮೇಲ್ ಹೋಗಿದೆ, ನಿಮ್ಮ ಇನ್‌ಬಾಕ್ಸಿನಲ್ಲಿದೆ, ನೋಡಿ. ಅದು 'ಈಗ'ಕ್ಕೆ ಕಟ್ಟಿದ ದಾರ. ಅದರ ಜೊತೆ 'ನಿನ್ನೆ', 'ಹೋದ ವಾರ', '2023ರಲ್ಲಿ' ಅಂತ ಮುಗಿದುಹೋದ ಸಮಯವನ್ನು ಕೂರಿಸಿದರೆ ದಾರ ಹರಿಯುತ್ತದೆ. ಕನ್ನಡದ 'ಕಳಿಸಿದ್ದೇನೆ'ಗೆ ಈ ಮಡಿ ಇಲ್ಲ. ನಿನ್ನೆಯ ಜೊತೆಗೂ ಕೂರುತ್ತದೆ, ಆಗಲೇ ಅನ್ನುವುದರ ಜೊತೆಗೂ ಕೂರುತ್ತದೆ. ಆದ್ದರಿಂದ ದಿನ, ದಿನಾಂಕ, ಗಂಟೆ ಹೇಳಬೇಕಿದ್ದರೆ ವಿ-2: 'ಐ ಸೆಂಟ್ ದ ಮೇಲ್ ಯೆಸ್ಟರ್ಡೇ'. ಕೆಲಸ ಆಗಿದೆ ಅಂತ ಮಾತ್ರ ತಿಳಿಸಬೇಕಿದ್ದರೆ ಹ್ಯಾವ್ ಜೊತೆ ವಿ-3: 'ಐ ಹ್ಯಾವ್ ಸೆಂಟ್ ದ ಮೇಲ್'. ಎರಡೂ ಬೇಕು ಅಂದರೆ ಎರಡು ವಾಕ್ಯ ಮಾಡಿ, ಯಾರೂ ದುಡ್ಡು ಕೇಳುವುದಿಲ್ಲ.

'ಹ್ಯಾಡ್' ವಿಷಯ ಇನ್ನೂ ಸ್ವಾರಸ್ಯ. 'ಹೋದ ವರ್ಷ ಹಂಪಿಗೆ ಹೋಗಿದ್ದೆ' ಅಂತ ನಾವು ಸಲೀಸಾಗಿ ಹೇಳುತ್ತೇವೆ. ಇಲ್ಲಿ 'ಹೋಗಿದ್ದೆ' ಅನ್ನುವುದು 'ಹಿಂದೊಮ್ಮೆ, ಈಗ ವಾಪಸ್ ಬಂದಾಯ್ತು' ಅಂತ ಸೂಚಿಸುತ್ತದೆ. ಇದು ಇಂಗ್ಲಿಷಿಗೆ ಹೋದಾಗ 'ಲಾಸ್ಟ್ ಇಯರ್ ಐ ಹ್ಯಾಡ್ ಗಾನ್ ಟು ಹಂಪಿ' ಆಗುತ್ತದೆ. ಕೇಳಿದವರು 'ಹೂಂ, ಆಮೇಲೆ?' ಅಂತ ಕಾಯುತ್ತಾರೆ. ಯಾಕೆಂದರೆ ಇಂಗ್ಲಿಷಿನಲ್ಲಿ 'ಹ್ಯಾಡ್ ಗಾನ್' ಅಂದರೆ ಇನ್ನೊಂದು ಹಳೆಯ ಘಟನೆಗಿಂತ ಮುಂಚೆ ನಡೆದದ್ದು. 'ಬಸ್ಸು ಹೊರಡುವ ಹೊತ್ತಿಗೆ ನಾವು ಹೋಗಿಬಿಟ್ಟಿದ್ದೆವು' ಅನ್ನುವಂಥ ಕಡೆ ಅದಕ್ಕೆ ಕೆಲಸ. ಎರಡನೇ ಘಟನೆಯೇ ಇಲ್ಲದಿದ್ದರೆ ಹ್ಯಾಡ್ ಕೂಡ ಬೇಡ. 'ಐ ವೆಂಟ್ ಟು ಹಂಪಿ ಲಾಸ್ಟ್ ಇಯರ್' ಸಾಕು. ಇಂಟರ್ನ್‌ಶಿಪ್ ಬಗ್ಗೆ ಇಂಟರ್‌ವ್ಯೂನಲ್ಲಿ ಹೇಳುವಾಗ 'ಐ ಹ್ಯಾಡ್ ಡನ್, ಐ ಹ್ಯಾಡ್ ವರ್ಕ್ಡ್, ಐ ಹ್ಯಾಡ್ ಲರ್ನ್ಡ್' ಅಂತ ಸಾಲಾಗಿ ಬರುತ್ತದಲ್ಲ, ಅವುಗಳಲ್ಲಿ ಮುಕ್ಕಾಲು ಪಾಲು ಹ್ಯಾಡ್‌ಗಳನ್ನು ಕಿತ್ತುಹಾಕಿದರೂ ಅರ್ಥ ಕೆಡುವುದಿಲ್ಲ, ಮಾತು ಹಗುರವಾಗುತ್ತದೆ.

'ಡಿಡ್ ನಾಟ್ ವೆಂಟ್' ಅನ್ನುವವರಿಗೂ ಔಷಧ ಕನ್ನಡದಲ್ಲೇ ಇದೆ. ನಾವು 'ಹೋಗಲಿಲ್ಲ' ಅನ್ನುತ್ತೇವೆ, 'ಹೋದಲಿಲ್ಲ' ಅಂತ ಯಾರಾದರೂ ಅಂದದ್ದುಂಟೇ? ಭೂತಕಾಲವನ್ನು ಒಂದೇ ಕಡೆ ತೋರಿಸಿದರೆ ಸಾಕು. ಇಂಗ್ಲಿಷಿನಲ್ಲಿ ಅದನ್ನು ಡಿಡ್ ಆಗಲೇ ಹೊತ್ತಿದೆ, ಆದ್ದರಿಂದ 'ಗೋ' ಬರಿಗೈಯಲ್ಲಿ ಬರುತ್ತದೆ. 'ಹ್ಯಾವ್ ವೆಂಟ್' ಕೂಡ ಹಾಗೇ. ವಾಕ್ಯಕ್ಕೊಂದು ಕಾಲ, ಅದು ಹ್ಯಾವ್ ಹತ್ತಿರ ಇದೆ.

ಮಾಡು ಮತ್ತು ಆಗು

ನಾವು ದಿನವಿಡೀ ಇಂಗ್ಲಿಷ್ ಕ್ರಿಯಾಪದ ಬಳಸುತ್ತೇವೆ, ಆದರೆ ವಿ-3 ಮಾತ್ರ ಬಾಯಿಗೆ ಬರುವುದಿಲ್ಲ. ಯಾಕೆ ಅಂತ ಯೋಚಿಸಿದ್ದೀರಾ? ಕನ್ನಡ ಯಾವ ಇಂಗ್ಲಿಷ್ ಕ್ರಿಯಾಪದವನ್ನೂ ಬೋಳು ರೂಪದಲ್ಲೇ ತೆಗೆದುಕೊಳ್ಳುತ್ತದೆ. ಬಾಲವನ್ನು ತಾನೇ ಹಚ್ಚುತ್ತದೆ. ಸಬ್ಮಿಟ್ ಮಾಡಿದೆ, ಕಂಪೈಲ್ ಆಯ್ತು, ಪ್ಲೇಸ್ ಆದ, ಡಿಟೇನ್ ಆದ, ಬೋರ್ ಆಗ್ತಿದೆ, ಕನ್‌ಫ್ಯೂಸ್ ಮಾಡ್ಬೇಡ. ಎಲ್ಲ ವಿ-1. ಮಾಡು ಮತ್ತು ಆಗು ಎರಡು ಎತ್ತುಗಳು, ಯಾವ ಗಾಡಿಯನ್ನಾದರೂ ಎಳೆಯುತ್ತವೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ನೂರು ಇಂಗ್ಲಿಷ್ ಪದ ಆಡಿದರೂ ವಿ-3 ಅಭ್ಯಾಸವಾಗುವುದೇ ಇಲ್ಲ. ಅಪವಾದ ಅಂದರೆ 'ಅವ್ನು ಕಮಿಟೆಡ್ ಕಣೋ' ತರಹದ ಒಂದೆರಡು.

ಆದರೆ ಈ ಮಾಡು-ಆಗು ಜೋಡಿಯೇ ನಮಗೆ ಕೀಲಿಕೈ. 'ಪ್ಲೇಸ್ ಆದ' ಅಂದರೆ ಅವನೇ ಪ್ಲೇಸ್ ಮಾಡಿದ್ದಲ್ಲ, ಅವನಿಗೆ ಆದದ್ದು. ಇಂಗ್ಲಿಷ್: 'ಹಿ ವಾಸ್ ಪ್ಲೇಸ್ಡ್'. 'ಕನ್‌ಫ್ಯೂಸ್ ಆಗಿದೀನಿ' ಅಂದರೆ 'ಐ ಆ್ಯಮ್ ಕನ್‌ಫ್ಯೂಸ್ಡ್'. 'ಈ ಚಾಪ್ಟರ್ ಕನ್‌ಫ್ಯೂಸ್ ಮಾಡುತ್ತೆ' ಅಂದರೆ 'ದಿಸ್ ಚಾಪ್ಟರ್ ಈಸ್ ಕನ್‌ಫ್ಯೂಸಿಂಗ್'. ಆಗಿರುವವರಿಗೆ ವಿ-3, ಮಾಡುವವರಿಗೆ ಇಂಗ್. 'ಐ ಆ್ಯಮ್ ಬೋರಿಂಗ್ ಇನ್ ದಿಸ್ ಕ್ಲಾಸ್' ಅಂದುಬಿಟ್ಟರೆ ಕ್ಲಾಸಿಗೆ ಬೋರ್ ಹೊಡೆಸುತ್ತಿರುವುದು ನಾವೇ ಅಂತ ಒಪ್ಪಿಕೊಂಡ ಹಾಗೆ. 'ಐ ಆ್ಯಮ್ ಇಂಟರೆಸ್ಟಿಂಗ್ ಇನ್ ವಿಎಲ್‌ಎಸ್‌ಐ' ಅಂತ ಎಚ್‌ಆರ್ ಮುಂದೆ ಹೇಳಿದರೆ ಆತ್ಮಪ್ರಶಂಸೆ. ಇಲ್ಲಿ ಗೊಂದಲ ಹುಟ್ಟುವುದಕ್ಕೂ ಕಾರಣವಿದೆ: ಕನ್ನಡದಲ್ಲಿ 'ನನಗೆ ಆಸಕ್ತಿ ಇದೆ', 'ನನಗೆ ಬೋರ್ ಆಗ್ತಿದೆ' ಅಂತ 'ಗೆ' ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಈ 'ಗೆ' ಇಲ್ಲ. ನಾನು ಅನ್ನುವವನು ನೇರವಾಗಿ ಕರ್ತೃವಿನ ಕುರ್ಚಿಯಲ್ಲಿ ಕೂರಬೇಕು. ಆಗ ಅವನು ಮಾಡುವವನೋ ಆದವನೋ ಅನ್ನುವುದನ್ನು ಕ್ರಿಯಾಪದದ ಬಾಲವೇ ಹೇಳಬೇಕಾಗುತ್ತದೆ.

ಲ್ಯಾಬ್ ರೆಕಾರ್ಡಿನ ಭಾಷೆ ಪೂರ್ತಿಯಾಗಿ ನಿಂತಿರುವುದು ಇದೇ 'ಆಗು' ಮೇಲೆ. 'ದ ಸರ್ಕ್ಯೂಟ್ ವಾಸ್ ಕನೆಕ್ಟೆಡ್ ಆ್ಯಸ್ ಶೋನ್ ಇನ್ ದ ಫಿಗರ್. ದ ರೀಡಿಂಗ್ಸ್ ವರ್ ಟೇಕನ್.' ಯಾರು ಕನೆಕ್ಟ್ ಮಾಡಿದರು, ಯಾರು ರೀಡಿಂಗ್ ತೆಗೆದುಕೊಂಡರು ಅನ್ನುವುದು ಇಲ್ಲಿ ಮುಖ್ಯವಲ್ಲ. ಯಾರು ಮಾಡಿದರೂ ಅದೇ ಫಲಿತಾಂಶ ಬರಬೇಕು ಅನ್ನುವ ವಿಜ್ಞಾನದ ಧೋರಣೆ ವ್ಯಾಕರಣಕ್ಕೂ ಇಳಿದಿದೆ. ಕನ್ನಡದಲ್ಲಿ ಇದಕ್ಕೆ 'ಜೋಡಿಸಲ್ಪಟ್ಟಿತು' ಅಂತ ಬರೆದರೆ ಅದು ಇಂಗ್ಲಿಷಿನ ನೆರಳು ಅಂತ ಕೂಡಲೇ ಗೊತ್ತಾಗುತ್ತದೆ. ನಮ್ಮದು 'ಜೋಡಿಸಲಾಯಿತು', 'ತಿಳಿಸಲಾಗಿದೆ', 'ನಿಷೇಧಿಸಲಾಗಿದೆ'. ನೋಟೀಸ್ ಬೋರ್ಡಿನ ತುಂಬ ಇರುವುದು ಇದೇ. ನೋಡಿ, ಅಲ್ಲೂ ಕೊನೆಗೆ ಬಂದು ನಿಂತದ್ದು 'ಆಗು'!

ಒಂದು ಎಚ್ಚರಿಕೆ. ವಾಕ್ಯದ ಶುರುವಿನಲ್ಲಿ ವಿ-3 ಇಟ್ಟರೆ, ಅದು ಅಲ್ಪವಿರಾಮದ ನಂತರ ಮೊದಲು ಸಿಕ್ಕವರ ಹೆಗಲೇರುತ್ತದೆ. 'ಕನೆಕ್ಟೆಡ್ ಟು ದ ಮೇನ್ಸ್, ದ ಸ್ಟೂಡೆಂಟ್ ಮೆಷರ್ಡ್ ದ ವೋಲ್ಟೇಜ್' ಅಂತ ಬರೆದರೆ ಮೇನ್ಸಿಗೆ ಜೋಡಿಸಿದ್ದು ಸರ್ಕ್ಯೂಟನ್ನಲ್ಲ, ಪಾಪದ ವಿದ್ಯಾರ್ಥಿಯನ್ನು.

ಎಸ್.ಪಿ. ರೋಡಿನ ಬಿಡಿಭಾಗಗಳು

ವಿ-3ಯ ಮೂರನೇ ಉದ್ಯೋಗ ವಿಶೇಷಣ. ಬ್ರೋಕನ್ ಗ್ಲಾಸ್, ಬಾಯ್ಲ್ಡ್ ಎಗ್, ರಿಟನ್ ಟೆಸ್ಟ್. ಒಡೆದ ಗಾಜು, ಬೇಯಿಸಿದ ಮೊಟ್ಟೆ, ಲಿಖಿತ ಪರೀಕ್ಷೆ. ಇಲ್ಲಿಯವರೆಗೆ ಕನ್ನಡ ಇಂಗ್ಲಿಷ್ ಕೈ ಹಿಡಿದು ನಡೆಯುತ್ತವೆ. ಇದಾದ ಮೇಲೆ ಕನ್ನಡ ತುಂಬ ಮುಂದೆ ಓಡುತ್ತದೆ, ಇಂಗ್ಲಿಷ್ ಏದುಸಿರು ಬಿಡುತ್ತ ಹಿಂದೆ ಉಳಿಯುತ್ತದೆ.

'ಓದಿದ' ಅನ್ನುವ ಒಂದೇ ಕೃದಂತದಿಂದ ಓದಿದ ಪುಸ್ತಕ ಅನ್ನಬಹುದು, ಓದಿದ ಹುಡುಗಿ ಅನ್ನಬಹುದು, ನಾವು ಓದಿದ ಶಾಲೆ, ಓದಿದ ದಿನ ಅನ್ನಬಹುದು. ನಾನು ಬರೆದ ಪೆನ್ನು, ನಾವು ಕೂತ ಬೆಂಚು, ಅವನು ಬಿದ್ದ ಮೆಟ್ಟಿಲು. ಕರ್ತೃ, ಕರ್ಮ, ಸಲಕರಣೆ, ಜಾಗ, ಸಮಯ, ಎಲ್ಲಕ್ಕೂ ಒಂದೇ ರೂಪ. ಯಾವುದು ಏನು ಅಂತ ನಮ್ಮ ತಲೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಇಂಗ್ಲಿಷಿನ ವಿ-3ಗೆ ಈ ಧಾರಾಳ ಇಲ್ಲ. ಕರ್ಮ ಬೇಡುವ ಕ್ರಿಯಾಪದವಾದರೆ ವಿ-3 ಅಂಟುವುದು ಆ ಕರ್ಮಕ್ಕೆ ಮಾತ್ರ. ರಿಟನ್ ಲೆಟರ್ ಇದೆ, ರಿಟನ್ ಬಾಯ್ ಇಲ್ಲ, ರಿಟನ್ ಪೆನ್ ಅಂತೂ ಇಲ್ಲವೇ ಇಲ್ಲ. 'ದ ಬಾಯ್ ಹೂ ರೋಟ್' ಅಂತ ಸುತ್ತಿ ಬಳಸಿ ಹೇಳಬೇಕು.

ಕರ್ಮ ಬೇಡದ ಕ್ರಿಯಾಪದಗಳಲ್ಲಿ ಇನ್ನೊಂದು ಜರಡಿ. ಫಾಲನ್ ಲೀವ್ಸ್, ರಿಟೈರ್ಡ್ ಟೀಚರ್, ಎಸ್ಕೇಪ್ಡ್ ಪ್ರಿಸನರ್ ಸರಿ. 'ಸ್ಲೆಪ್ಟ್ ಬಾಯ್', 'ಕಮ್ ಸ್ಟೂಡೆಂಟ್ಸ್' ತಪ್ಪು. ಬಿದ್ದ ಎಲೆ, ಮಲಗಿದ ಹುಡುಗ ಎರಡೂ ನಮಗೆ ಒಂದೇ. ಸ್ಥೂಲವಾಗಿ ಹೇಳುವುದಾದರೆ, ಕ್ರಿಯೆ ಆ ವ್ಯಕ್ತಿಯ ಅಥವಾ ವಸ್ತುವಿನ ಸ್ಥಿತಿಯನ್ನೇ ಬದಲಾಯಿಸಿ ಬಿಟ್ಟುಹೋಗಿದ್ದರೆ ವಿ-3ಗೆ ಪ್ರವೇಶ ಸಿಗುವ ಸಂಭವ ಹೆಚ್ಚು. ಎಲೆ ಬಿತ್ತು, ಬಿದ್ದೇ ಇದೆ. ಹುಡುಗ ಮಲಗಿ ಎದ್ದರೆ ಹಾಗೆ ಉಳಿಯುವ ಗುರುತಿಲ್ಲ.

ಇನ್ನು ಜಾಗದ ಪ್ರಶ್ನೆ. ಕನ್ನಡದಲ್ಲಿ ಕೃದಂತ ಯಾವಾಗಲೂ ನಾಮಪದದ ಹಿಂದೆ, ಅಂದರೆ ಮೊದಲು: ಬಳಸಿದ ಬಿಡಿಭಾಗಗಳು. ಇದನ್ನು ಹಾಗೇ ಇಳಿಸಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ 'ದ ಯೂಸ್ಡ್ ಕಾಂಪೊನೆಂಟ್ಸ್ ಆರ್ ಲಿಸ್ಟೆಡ್ ಬಿಲೋ' ಅಂತ ಬರೆದರೆ, ಓದುವವರಿಗೆ ನೀವು ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಮಾಲು ತಂದಿದ್ದೀರಿ ಅನ್ನಿಸುತ್ತದೆ. ಯೂಸ್ಡ್ ಕಾರ್ ಅಂದರೆ ಹಳೇ ಕಾರು ತಾನೆ? 'ದ ಕಾಂಪೊನೆಂಟ್ಸ್ ಯೂಸ್ಡ್' ಅಂದಾಗ ಮಾತ್ರ 'ಈ ಪ್ರಾಜೆಕ್ಟಿಗೆ ಬಳಸಿದವು' ಅಂತಾಗುತ್ತದೆ. ನಾಮಪದಕ್ಕಿಂತ ಮುಂಚೆ ಬಂದರೆ ಅದು ವಸ್ತುವಿನ ಕಾಯಂ ಗುಣ, ಆಮೇಲೆ ಬಂದರೆ ಆ ಸಂದರ್ಭದ ಘಟನೆ. ಎಲ್ಲ ಕಡೆಯೂ ಇಷ್ಟು ಖಡಾಖಂಡಿತ ಅಲ್ಲ, ಆದರೆ 'ದ ಮೆಥಡ್ ಯೂಸ್ಡ್', 'ದ ರಿಸಲ್ಟ್ಸ್ ಆಬ್ಟೇನ್ಡ್' ಅಂತ ಹಿಂದೆ ಹಾಕುವುದನ್ನು ರೂಢಿ ಮಾಡಿಕೊಂಡರೆ ರಿಪೋರ್ಟು ಬಚಾವು.

ರೆಸ್ಯೂಮಿನಲ್ಲಿ '2025 ಪಾಸ್ಡ್ ಔಟ್' ಅಂತ ಬರೆಯುವುದು ನಮ್ಮ ದೇಶದ ಪದ್ಧತಿ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ತೊಂದರೆಯಿಲ್ಲ. ಹೊರದೇಶದ ಕಂಪನಿಗೆ ಕಳಿಸುವಾಗ ಮಾತ್ರ 'ಗ್ರಾಜುಯೇಟೆಡ್ ಇನ್ 2025' ಅನ್ನಿ. ಅಲ್ಲಿನವರ ಕಿವಿಗೆ 'ಪಾಸ್ಡ್ ಔಟ್' ಅಂದರೆ ಮೊದಲು ಹೊಳೆಯುವುದು ಮೂರ್ಛೆ ಹೋದದ್ದು. ಟ್ರಾಫಿಕ್ ಪೊಲೀಸರ 'ಡ್ರಂಕ್ ಆ್ಯಂಡ್ ಡ್ರೈವ್' ಕೂಡ ಇಂಥದ್ದೇ ಮಿಶ್ರತಳಿ: ವಿ-3ಗೂ ವಿ-1ಗೂ 'ಆ್ಯಂಡ್' ಹಾಕಿ ಗಂಟು. ದಂಡ ಮಾತ್ರ ಪೂರ್ತಿ ಕಟ್ಟಬೇಕು.

ಎಲ್ಲ ಬ್ರಾಂಚಿನಲ್ಲೂ ಒಬ್ಬರು

ನಮ್ಮ ಸಿಲಬಸ್ಸಿನ ತುಂಬ ವಿ-3ಗಳು ಮುಸುಕು ಹಾಕಿಕೊಂಡು ಕೂತಿವೆ. ಸಿವಿಲಿನವರ ರೀಇನ್‌ಫೋರ್ಸ್ಡ್ ಕಾಂಕ್ರೀಟ್, ಪ್ರೀಸ್ಟ್ರೆಸ್ಡ್ ಕಾಂಕ್ರೀಟ್. ಇಸಿಯವರ ಇಂಟಿಗ್ರೇಟೆಡ್ ಸರ್ಕ್ಯೂಟ್, ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಎಂಬೆಡೆಡ್ ಸಿಸ್ಟಮ್. ಸಿಎಸ್‌ನವರ ಲಿಂಕ್ಡ್ ಲಿಸ್ಟ್, ಶೇರ್ಡ್ ಮೆಮೊರಿ. (ಸೈನ್ಡ್ ಇಂಟಿಜರ್ ಈ ಗುಂಪಿನದಲ್ಲ. ಅದಕ್ಕೆ ಯಾರೂ ಸಹಿ ಹಾಕಿಲ್ಲ, 'ಸೈನ್ ಇರುವ' ಅಂತ ಅರ್ಥ. ಗೇಟೆಡ್ ಕಮ್ಯುನಿಟಿ ಇದ್ದ ಹಾಗೆ, ನಾಮಪದಕ್ಕೆ ಹಚ್ಚಿದ ಎಡ್ ಅದು.)

ಆದರೆ ಈ ಆಟದಲ್ಲಿ ಗೆಲ್ಲುವವರು ಮೆಕ್ಯಾನಿಕಲ್‌ನವರು. ಕಾಸ್ಟ್ ಐರನ್, ರಾಟ್ ಐರನ್ ಅಂತ ಎರಡು ಕಬ್ಬಿಣ ಓದುತ್ತೇವಲ್ಲ, ಎರಡೂ ವಿ-3. ಕಾಸ್ಟ್-ಕಾಸ್ಟ್-ಕಾಸ್ಟ್, ಮೂರೂ ಒಂದೇ ರೂಪ. ಎರಕ ಹೊಯ್ದ ಕಬ್ಬಿಣ. 'ರಾಟ್' ಯಾವ ಕ್ರಿಯಾಪದದ್ದು? 'ವರ್ಕ್'ನದು! ಇವತ್ತಿನ 'ವರ್ಕ್ಡ್' ಬರುವ ಮುಂಚೆ ವರ್ಕ್‌ನ ವಿ-3 ರೂಪ 'ರಾಟ್' ಆಗಿತ್ತು. ಅಂದರೆ ಬಡಿದು, ಬಾಗಿಸಿ, ಕೆಲಸ ಮಾಡಿದ ಕಬ್ಬಿಣ. ಸುತ್ತಿಗೆ ಪೆಟ್ಟಿಗೆ ಮಣಿಯುವ ಗುಣ ಹೆಸರಿನಲ್ಲೇ ಇದೆ. ಕರಗಿದ ಲೋಹಕ್ಕೆ 'ಮೋಲ್ಟನ್ ಮೆಟಲ್' ಅನ್ನುತ್ತೇವೆ. ಆ 'ಮೋಲ್ಟನ್' ಹಿಂದೆ 'ಮೆಲ್ಟ್'ನ ವಿ-3. ಈಗ ಕ್ರಿಯಾಪದವಾಗಿ 'ಮೆಲ್ಟೆಡ್' ಬಂದಿದೆ, ಹಳೆಯದು ಲಾವಾ, ಕಬ್ಬಿಣ, ಗಾಜಿನಂಥ ಭಾರೀ ಶಾಖದ ಕಡೆ ವಿಶೇಷಣವಾಗಿ ಉಳಿದುಕೊಂಡಿದೆ. ಬೆಣ್ಣೆಗೆ ಮೆಲ್ಟೆಡ್, ಉಕ್ಕಿಗೆ ಮೋಲ್ಟನ್. ಸಂಕನ್ ಶಿಪ್, ಡ್ರಂಕನ್ ಮ್ಯಾನ್ ಇವೂ ಹೀಗೇ ನಿವೃತ್ತಿಯಾಗಿ ವಿಶೇಷಣದ ಪಿಂಚಣಿಯಲ್ಲಿ ಬದುಕಿರುವ ಹಳೆಯ ವಿ-3ಗಳು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: 'ವರ್ಕ್-ರಾಟ್' ಹೋಗಿ 'ವರ್ಕ್ಡ್' ಬಂತು, ಆದರೆ 'ಗೋ-ಗಾನ್' ಯಾಕೆ ಹಾಗೇ ಉಳಿಯಿತು? 2007ರಲ್ಲಿ ಹಾರ್ವರ್ಡಿನ ಎರೆಜ್ ಲೀಬರ್‌ಮನ್, ಜೀನ್-ಬ್ಯಾಪ್ಟಿಸ್ಟ್ ಮಿಷೆಲ್ ಮತ್ತು ಸಂಗಡಿಗರು ಇದನ್ನು ಅಳೆದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳನ್ನು ಹಿಡಿದು ಹಿಂಬಾಲಿಸಿದರು. ಮಧ್ಯಕಾಲೀನ ಇಂಗ್ಲಿಷಿನ ಹೊತ್ತಿಗೆ 145 ಉಳಿದಿದ್ದವು, ಇವತ್ತು 98. ಉಳಿದವೆಲ್ಲ ಎಡ್ ಪಾಳಯಕ್ಕೆ ಸೇರಿದವು. ಹೆಚ್ಚು ಬಳಕೆಯ ಪದ ಹೆಚ್ಚು ಕಾಲ ಬಾಳುತ್ತದೆ, ಅದೂ ಲೆಕ್ಕಾಚಾರದ ಪ್ರಕಾರ: ಒಂದು ಅನಿಯತ ಕ್ರಿಯಾಪದದ ಅರ್ಧಾಯುಷ್ಯ ಅದರ ಬಳಕೆಯ ಪ್ರಮಾಣದ ವರ್ಗಮೂಲಕ್ಕೆ ಅನುಗುಣ. ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ಬೇಗ ನಿಯತವಾಗುತ್ತದೆ. ಹೌದು, ಫಿಸಿಕ್ಸಿನಲ್ಲಿ ವಿಕಿರಣದ ಪಾಠದಲ್ಲಿ ಕಂಡ ಅದೇ ಹಾಫ್ ಲೈಫ್! ಯುರೇನಿಯಂ ಇದ್ದ ಹಾಗೆ ಕ್ರಿಯಾಪದಗಳೂ ಸವೆಯುತ್ತವೆ. ಬಿ, ಹ್ಯಾವ್, ಡು, ಗೋ, ಸೇ ತರಹದವನ್ನು ಪ್ರತಿ ಮಗುವೂ ದಿನಕ್ಕೆ ನೂರು ಸಲ ಕೇಳುವುದರಿಂದ ಮರೆಯುವುದಿಲ್ಲ. ಅಪರೂಪದವನ್ನು ಮರೆತು ಎಡ್ ಹಚ್ಚಿಬಿಡುತ್ತದೆ. 'ಹೆಲ್ಪ್'ಗೆ ಹಿಂದೆ 'ಹೋಲ್ಪನ್' ಅಂತ ವಿ-3 ಇತ್ತು ಅಂದರೆ ಇವತ್ತು ನಂಬುವವರು ಯಾರು?

ಇದರಿಂದ ನಮಗೊಂದು ಲಾಭ. ಬಾಯಿಪಾಠದ ಪಟ್ಟಿ ಉದ್ದವಾಗಿ ಕಂಡರೂ ಅದರಲ್ಲಿ ಮುಖ್ಯವಾದವು ಅತಿ ಹೆಚ್ಚು ಬಳಕೆಯವು. ಓದುತ್ತ ಕೇಳುತ್ತ ತಾವಾಗೇ ಒಳಗಿಳಿಯುತ್ತವೆ. ಹೊಸದಾಗಿ ಹುಟ್ಟುವ ಕ್ರಿಯಾಪದಗಳೋ, ಗೂಗಲ್ಡ್, ಟೆಕ್ಸ್ಟೆಡ್, ಡೀಬಗ್ಡ್ ಅಂತ ಎಡ್ ಜೊತೆಗೇ ಬರುತ್ತವೆ. ಕನ್ನಡವನ್ನೇ ನೋಡಿ: ಬರು-ಬಂದ, ತರು-ತಂದ, ಕೊಡು-ಕೊಟ್ಟ, ನಗು-ನಕ್ಕ, ಏಳು-ಎದ್ದ, ಸಾಯು-ಸತ್ತ, ಗೆಲ್ಲು-ಗೆದ್ದ. ಇವನ್ನು ನಮಗೆ ಯಾರೂ ಮೂರು ಕಾಲಮ್ಮು ಹಾಕಿ ಕಲಿಸಲಿಲ್ಲ. ಹೊರರಾಜ್ಯದಿಂದ ಬಂದು ಕನ್ನಡ ಕಲಿಯುತ್ತಿರುವ ಗೆಳೆಯರು ಇವುಗಳ ಮುಂದೆ ಪಡುವ ಪಾಡು ನೋಡಿದರೆ, ಗೋ-ವೆಂಟ್-ಗಾನ್ ಎಷ್ಟೋ ಸಸಾರ ಅನ್ನಿಸುತ್ತದೆ.

ತ ಮತ್ತು ನ

ವಿ-3ಗೆ ಮುಖ್ಯವಾಗಿ ಎರಡು ಬಾಲ ಯಾಕೆ? ವಾಂಟೆಡ್, ಮೇಡ್ ಒಂದು ಕಡೆ. ಬ್ರೋಕನ್, ರಿಟನ್, ಬಿಟನ್ ಇನ್ನೊಂದು ಕಡೆ. ಇದಕ್ಕೆ ಉತ್ತರ ಕನ್ನಡದ ಪದಕೋಶದಲ್ಲೇ ಸಿಗುತ್ತದೆ, ಆದರೆ ಕನ್ನಡದ ಸ್ವಂತ ಪದಗಳಲ್ಲಲ್ಲ, ಸಂಸ್ಕೃತದಿಂದ ಬಂದವುಗಳಲ್ಲಿ. ಕನ್ನಡ ದ್ರಾವಿಡ ಕುಟುಂಬದ್ದು. ಸಂಸ್ಕೃತ ಮತ್ತು ಇಂಗ್ಲಿಷ್ ಇಂಡೋ-ಯುರೋಪಿಯನ್ ಕುಟುಂಬದ ದೂರದ ದಾಯಾದಿಗಳು. ಪಾಣಿನಿ 'ಕ್ತ' ಅಂತ ಹೆಸರಿಟ್ಟ ಪ್ರತ್ಯಯ ಸಂಸ್ಕೃತದ ವಿ-3 ಯಂತ್ರ. ಅದರಿಂದ ಬಂದವು ಕೃತ, ಗತ, ಮುಕ್ತ, ಲಿಖಿತ, ಮುದ್ರಿತ. 'ಸಂಸ್ಕೃತ' ಅನ್ನುವ ಹೆಸರೂ ಇದೇ ಅಚ್ಚಿನದು. ಅದೇ ಪ್ರತ್ಯಯ ಕೆಲವು ಧಾತುಗಳ ಮುಂದೆ 'ನ' ಆಗುತ್ತದೆ: ಭಿನ್ನ, ಖಿನ್ನ, ಪೂರ್ಣ, ಜೀರ್ಣ. ತ ಮತ್ತು ನ. ಎಡ್ ಮತ್ತು ಎನ್. ಎರಡು ಭಾಷೆಗಳೂ ಒಂದೇ ಮನೆಯಿಂದ ಈ ಎರಡು ಬಾಲಗಳನ್ನು ಆಸ್ತಿಯಾಗಿ ತಂದಿವೆ. ಭಿನ್ನದ ಧಾತು 'ಭಿದ್', ಅಂದರೆ ಸೀಳು. ಇಂಗ್ಲಿಷಿನ 'ಬೈಟ್' ಇದೇ ಮೂಲದ್ದು. 'ಬಿಟನ್' ಮತ್ತು 'ಭಿನ್ನ' ದಾಯಾದಿಗಳು!

ಭಿನ್ನರಾಶಿ ಅಂದರೆ ಒಡೆದ ಸಂಖ್ಯೆ. ಇಂಗ್ಲಿಷಿನ 'ಫ್ರ್ಯಾಕ್ಷನ್' ಕೂಡ ಒಡೆಯುವುದು ಅನ್ನುವ ಅರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದದ್ದು. ಇನ್ನು ನಮ್ಮೆಲ್ಲರ ಅನ್ನದ ಪದ 'ಡೇಟಾ'. ಲ್ಯಾಟಿನ್ನಿನಲ್ಲಿ 'ದಾರೆ' ಅಂದರೆ ಕೊಡು, 'ದಾತುಮ್' ಅಂದರೆ ಕೊಟ್ಟದ್ದು, ಅದರ ಬಹುವಚನ 'ದಾತಾ'. ಲೆಕ್ಕದ ಶುರುವಿನಲ್ಲಿ 'ಗಿವನ್' ಅಂತ ಬರೆದು ಬೆಲೆಗಳನ್ನು ಬರೆಯುತ್ತೇವಲ್ಲ, ಅದೇ. ಕನ್ನಡದಲ್ಲಿ ಡೇಟಾಕ್ಕೆ 'ದತ್ತಾಂಶ' ಅಂತ ಪದವಿದೆ. ಪರೀಕ್ಷೆಗೆ ಕಟ್ಟಿದ ಕೃತಕ ಪದ ಅಂತ ನಗುವವರುಂಟು. ದತ್ತ ಅಂದರೆ ಕೊಟ್ಟದ್ದು, 'ದಾ' ಧಾತುವಿನ ಕ್ತ ರೂಪ; ದತ್ತು ಮಗು ಅನ್ನುವಲ್ಲಿ ಇರುವುದೂ ಅದೇ. ಲ್ಯಾಟಿನ್ ದಾರೆ, ಸಂಸ್ಕೃತ ದಾ, ಎರಡರ ಬೇರೂ ಒಂದೇ.

ಕಡೆಯದಾಗಿ ಎಡ್‌ನ ಉಚ್ಚಾರಣೆ. ಎಲ್ಲ ಕಡೆ 'ಎಡ್' ಅಂತ ಎಳೆಯುವುದು ಇಂಟರ್‌ವ್ಯೂನಲ್ಲಿ ಬೇಗ ಕಿವಿಗೆ ಬೀಳುತ್ತದೆ: ವರ್ಕೆಡ್, ಆಸ್ಕೆಡ್, ಫಿನಿಷೆಡ್. ಇದಕ್ಕೆ ಪಟ್ಟಿ ಬೇಡ, ಒಂದನೇ ಕ್ಲಾಸಿನ ವರ್ಗಾಕ್ಷರ ಸಾಕು. ಧಾತು ಕ, ಚ, ಪ ತರಹದ ಅಘೋಷದಲ್ಲಿ ಮುಗಿದರೆ, ಶ, ಸ, ಫ ಸೇರಿದ ಹಾಗೆ, ಬಾಲವೂ ಅಘೋಷ, ಅಂದರೆ 'ಟ್': ವರ್ಕ್ಟ್, ವಾಚ್ಟ್, ಸ್ಟಾಪ್ಟ್, ಫಿನಿಷ್ಟ್. ಗ, ಜ, ಬ, ಮ, ನ, ಲ ಮತ್ತು ಸ್ವರಗಳ ಮುಂದೆ ಘೋಷ, ಅಂದರೆ 'ಡ್': ಡೀಬಗ್ಡ್, ಪ್ಲಾನ್ಡ್, ಕಾಲ್ಡ್, ಪ್ಲೇಡ್. ಟ ಅಥವಾ ಡ ಬಂದಾಗ ಮಾತ್ರ ಎರಡು ಒಂದೇ ಜಾತಿಯ ವ್ಯಂಜನ ಡಿಕ್ಕಿ ಹೊಡೆಯಬಾರದು ಅಂತ ನಡುವೆ ಒಂದು ಸ್ವರ: ವಾಂಟಿಡ್, ಲೋಡಿಡ್, ಸಬ್ಮಿಟಿಡ್. ಈ ಲೇಖನದ ಉದ್ದಕ್ಕೂ ಓದಲು ಸುಲಭವಾಗಲಿ ಅಂತ ಸ್ಪೆಲಿಂಗಿನ ಪ್ರಕಾರ ಬರೆದಿದ್ದೇವೆ, ಬಾಯಲ್ಲಿ ಹೇಳುವಾಗ ಈ ಲೆಕ್ಕ ಹಿಡಿಯಿರಿ. ಕೆಲವು ಹಳಬರು ಮಾತ್ರ ಈ ಸೂತ್ರಕ್ಕೆ ಸಿಗುವುದಿಲ್ಲ. ಪಂಡಿತರಿಗೆ 'ಲರ್ನೆಡ್', ಕಲಿತದ್ದಕ್ಕೆ 'ಲರ್ನ್ಡ್'. ಕೋರ್ಟಿನಲ್ಲಿ ವಕೀಲರು 'ಮೈ ಲರ್ನೆಡ್ ಫ್ರೆಂಡ್' ಅಂತ ಎಳೆದು ಹೇಳುವುದು ಅದಕ್ಕೇ.